ಟೈರು ಮಾತಾಡುತ್ತಿಲ್ಲ

ಜನವರಿ ೬, ಸೋಮವಾರ

ಇವತ್ತು ಬಂದ ಆಟದ ಹೊಸ ವರ್ಷನ್ನಿನಲ್ಲಿ ಕಾರಿಗೆ ಜೀವವೇ ಇಲ್ಲ. ಹಾಗಂತ ಲೆಕ್ಕದಮ್ಮನಿಗೆ ಮುಖಕ್ಕೇ ಹೇಳಿದೆ. ಅವಳು ಕನ್ನಡಕ ಮೇಲೇರಿಸಿ, "ಜೀವ ಅಂದ್ರೆ ಎಷ್ಟು ಸರ್, ಒಂದು ನಂಬರ್ ಹೇಳಿ" ಅಂದಳು. ಈ ಹುಡುಗಿಗೆ ಪ್ರಪಂಚದಲ್ಲಿ ನಂಬರಿಲ್ಲದ ವಸ್ತುವೇ ಇಲ್ಲ. ನಮ್ಮ ರೇಸ್ ಆಟದಲ್ಲಿ ಟೈರು ರಸ್ತೆಯನ್ನು ಹೇಗೆ ಕಚ್ಚಬೇಕು, ಯಾವಾಗ ಬಿಡಬೇಕು ಅನ್ನುವುದನ್ನೆಲ್ಲ ಸಮೀಕರಣವಾಗಿ ಬರೆಯುವವಳು ಅವಳು. ಅದು ನಿಜವಾದ ಕಾರಿನ ಹಾಗೆ ಇದೆಯೋ ಇಲ್ಲವೋ ಅಂತ ಹೇಳುವವನು ನಾನು. ಹದಿನೆಂಟು ವರ್ಷ ಟ್ರ್ಯಾಕಿನ ಮೇಲೆ ರೇಸ್ ಕಾರು ಓಡಿಸಿದ ಕೈ ಈ ಆಫೀಸಿನಲ್ಲಿ ಇದೊಂದೇ. ಈ ಕೈ ಒಪ್ಪದೆ ಒಂದು ಕಾರೂ ಆಟದೊಳಗೆ ಹೋಗುವುದಿಲ್ಲ.

ನಂಬರಿನಲ್ಲಿ ಹೇಗೆ ಹೇಳಲಿ? ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಡುವ ಮುಂಚೆ ಸ್ಟೀರಿಂಗ್ ಒಂದು ಗಳಿಗೆ ಹಗುರವಾಗುತ್ತದೆ. ಕೈ ಹಿಡಿದುಕೊಂಡು ಜೊತೆಗೆ ನಡೆಯುತ್ತಿದ್ದವರು ಬೆರಳು ಸ್ವಲ್ಪ ಸಡಿಲಿಸಿದ ಹಾಗೆ. ಅದು ಗೊತ್ತಾದವನು ತಿರುವು ದಾಟುತ್ತಾನೆ, ಗೊತ್ತಾಗದವನು ಗೋಡೆಗೆ ಹೋಗುತ್ತಾನೆ. ಟೈರು ಮಾತಾಡುವುದು ಅಂದರೆ ಅಷ್ಟೇ. ಲೆಕ್ಕದಮ್ಮನ ಟೈರು ಬಾಯಿಗೆ ಬೀಗ ಹಾಕಿಕೊಂಡು ಕೂತಿದೆ.

ಆಟ ಓಡಿಸಿ ನೋಡುವ ಕುರ್ಚಿಯಲ್ಲಿ ಸ್ಟೀರಿಂಗಿನ ಹಿಂದಿರುವ ಮೋಟಾರಿನ ಭಾರ ಇನ್ನಷ್ಟು ಏರಿಸಲು ಹೇಳಿ ಬಂದಿದ್ದೇನೆ. ಮೋಟಾರು ಜೋರಾಗಿ ಎಳೆದರೆ ಟೈರಿನ ಮಾತು ಕೈಗೆ ಕೇಳಿಸೀತು. ಅವಳು ಬರೆದುಕೊಂಡಳು.

ಜನವರಿ ೨೩, ಗುರುವಾರ

ಬೆಳಿಗ್ಗೆ ಒಲೆಯ ಮೇಲಿದ್ದ ಹಾಲಿನ ಪಾತ್ರೆ ಉಕ್ಕಲು ಬಂತು. ಬಟ್ಟೆ ಹುಡುಕುತ್ತ ಕೂರದೆ ಬರಿಗೈಯಲ್ಲೇ ಎತ್ತಿ ಕೆಳಗಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಸುಡಲಿಲ್ಲವಾ ರೀ?"

"ನಮ್ಮದು ಟ್ರ್ಯಾಕಿನ ಕೈ ಕಣೇ. ನಿಮ್ಮ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತೋ ಕೈಯಲ್ಲ."

ನಕ್ಕಳು. ಆಮೇಲೆ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದ್ದನ್ನು ನೋಡಿ ಬೈದಳು. ಮುಲಾಮು ಹಚ್ಚಿದಳು. ಬೊಬ್ಬೆ ಎದ್ದರೂ ನೋವಿಲ್ಲ. ವಯಸ್ಸಾದರೂ ನಮ್ಮ ಚರ್ಮ ಗಟ್ಟಿಯಾಗಿಯೇ ಇದೆ ಅಂದುಕೊಂಡೆ.

ಹೊಸ ವರ್ಷನ್ ಬಂತು. ಭಾರ ಏರಿದೆ, ಮಾತು ಏರಿಲ್ಲ. ಬ್ರೇಕು ಬೇರೆ ಹಾಳಾಗಿದೆ. ಸ್ವಲ್ಪ ಒತ್ತಿದರೆ ಚಕ್ರ ಗಕ್ಕನೆ ನಿಲ್ಲುತ್ತದೆ. ಲೆಕ್ಕದಮ್ಮ ಸ್ಕ್ರೀನಿನ ಮೂಲೆಯ ಬ್ರೇಕಿನ ಗೆರೆ ತೋರಿಸಿ, "ಸರ್, ನೀವು ಪೂರ್ತಿ ಒತ್ತಿದ್ದೀರಿ" ಅಂದಳು. ಪೂರ್ತಿ ಒತ್ತುವುದು, ಅರ್ಧ ಒತ್ತುವುದು ಗೊತ್ತಿಲ್ಲದೆ ಹದಿನೆಂಟು ವರ್ಷ ನಾನೇನು ಕಡಲೆಕಾಯಿ ತಿನ್ನುತ್ತಿದ್ದೆನೆ? ಪೆಡಲಿನ ಸೆನ್ಸರ್ ಕೆಟ್ಟಿದೆ, ಬದಲಾಯಿಸಿ ಅಂದೆ. ಬದಲಾಯಿಸಿದರು.

ಫೆಬ್ರವರಿ ೧೧, ಮಂಗಳವಾರ

ಎಲ್ಲ ಕಡೆ ಬ್ರೇಕಿನದೇ ಗೋಳು. ನಮ್ಮ ಸ್ವಂತ ಕಾರಿನದೂ ಅದೇ ಕಥೆಯಾಗಿದೆ. ಗ್ಯಾರೇಜಿಗೆ ಒಯ್ದೆ. ಗ್ಯಾರೇಜು ಭಾವಮೈದನದೇ. ಅವನು ಕಾರನ್ನು ಬೀದಿ ಸುತ್ತಿಸಿಕೊಂಡು ಬಂದು ಕೀ ಕೊಟ್ಟ.

"ಬ್ರೇಕು ಬೆಣ್ಣೆ ಹಾಗಿದೆ ಭಾವ. ನಿಮ್ಮ ಕಾಲಿಗೇ ಗ್ರೀಸ್ ಹಾಕ್ಬೇಕೇನೋ ನೋಡ್ತೀನಿ, ಎತ್ತಿ ಇಲ್ಲಿ."

ಅಕ್ಕನ ಮುಂದೆ ಬಾಲ ಮುದುರಿಕೊಂಡು ಕೂರುವವನಿಗೆ ನನ್ನ ಮುಂದೆ ಮಾತು ಬಹಳ. ಪ್ಯಾಡ್ ಬದಲಾಯಿಸದೆ ಹೋಗುವುದಿಲ್ಲ ಅಂತ ಹಟ ಹಿಡಿದು ಕೂತು ಬದಲಾಯಿಸಿಕೊಂಡೇ ಬಂದೆ. ಏನೂ ವ್ಯತ್ಯಾಸವಿಲ್ಲ. ಈಗಿನ ಕಾಲದ ಪ್ಯಾಡುಗಳೇ ಹಾಗೆ.

ಫೆಬ್ರವರಿ ೧೨, ಬುಧವಾರ

ಆಫೀಸಿನ ಮೆಟ್ಟಿಲು ಹತ್ತಿ ಮೇಲೆ ಹೋದಾಗ ಎಲ್ಲರೂ ನನ್ನ ಕಾಲು ನೋಡಿ ನಗುತ್ತಿದ್ದರು. ಎಡಗಾಲಿನ ಚಪ್ಪಲಿ ಇರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಬಿದ್ದಿತ್ತಂತೆ, ಕಾವಲುಗಾರ ತಂದುಕೊಟ್ಟ. ನಾನೂ ನಕ್ಕೆ. ತಲೆಯಲ್ಲಿ ಟೈರು ತುಂಬಿಕೊಂಡವನಿಗೆ ಚಪ್ಪಲಿಯ ಜ್ಞಾನ ಎಲ್ಲಿರುತ್ತದೆ?

ಮಾರ್ಚ್ ೩, ಸೋಮವಾರ

ಕೆಟ್ಟ ದಿನ.

ಭಾರವನ್ನು ಮತ್ತೆ ಏರಿಸಿದ್ದರು. ಕೂತು ಓಡಿಸಿದೆ. ಈಗ ಏನೋ ಸ್ವಲ್ಪ ಕೇಳಿಸುತ್ತಿದೆ, ದೂರದ ಕೋಣೆಯಲ್ಲಿ ರೇಡಿಯೋ ಹಾಕಿದಷ್ಟು. "ಹೂಂ, ಈಗ ದಾರಿಗೆ ಬಂತು" ಅಂದೆ. ಲೆಕ್ಕದಮ್ಮ, "ಸರ್, ಇದು ವಿಪರೀತ ಆಯ್ತು ಅನ್ಸುತ್ತೆ, ಒಂದ್ಸಲ ನಾನೇ ನೋಡ್ತೀನಿ" ಅಂತ ಕುರ್ಚಿಯಲ್ಲಿ ಕೂತಳು. ಅವಳ ಲೆಕ್ಕವನ್ನು ಅವಳೇ ಓಡಿಸುವುದು ಅಪರೂಪ. ಎರಡನೇ ತಿರುವಿನಲ್ಲೇ ಕಾರು ಅಂಚಿನ ಕಲ್ಲು ಹತ್ತಿತು. ಸ್ಟೀರಿಂಗ್ ಗಿರ್ರನೆ ತಿರುಗಿ ಅವಳ ಬಲಗೈ ಹೆಬ್ಬೆರಳನ್ನು ಕಡ್ಡಿಯ ಹಾಗೆ ಹಿಂದಕ್ಕೆ ಮಡಚಿತು. ಲಟಕ್ಕೆಂದ ಸದ್ದು ನನಗೂ ಕೇಳಿಸಿತು.

ಕೂಗಲಿಲ್ಲ, ಪಾಪ. ಬಿಳಿಚಿಕೊಂಡು ಕೂತುಬಿಟ್ಟಳು.

ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳ ಒಳಗೆ ಸಿಕ್ಕಿಸಿ ಹಿಡಿಯಬಾರದು, ಡಿಕ್ಕಿ ಆಗುತ್ತದೆ ಅಂದಾಗ ಕೈ ಬಿಟ್ಟುಬಿಡಬೇಕು. ಇದನ್ನು ಎಲ್ಲರಿಗೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಯಜಮಾನರಿಗೂ ಅದನ್ನೇ ಹೇಳಿದೆ. ಆಟದ ಕಂಪನಿ ಅವರದು. ಅವರು ತಲೆ ಕೆರೆದುಕೊಂಡು, "ಭಾರ ಸ್ವಲ್ಪ ಹೆಚ್ಚಾಯ್ತೇನೋ?" ಅಂದರು. ನಿಜವಾದ ಕಾರಿನಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ ಅಂದೆ. ಹಾಗಾದರೆ ಸರಿ ಅಂದರು. ನನ್ನ ಮಾತಿನ ಮೇಲೆ ಮಾತಾಡುವವರು ಇಲ್ಲಿ ಯಾರಿದ್ದಾರೆ?

ಮಾರ್ಚ್ ೭, ಶುಕ್ರವಾರ

ಲೆಕ್ಕದಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೆಲಸಕ್ಕೆ ಬಂದಿದ್ದಾಳೆ, ಎಡಗೈಯಲ್ಲಿ ಟೈಪು ಮಾಡುತ್ತಾಳೆ. ಮಧ್ಯಾಹ್ನ ನೀರಿನ ಬಾಟಲಿ ಹಿಡಿದುಕೊಂಡು ಬಂದು, "ಸರ್, ಇದೊಂದು ತೆಗೆದುಕೊಡಿ" ಅಂದಳು. ಮುಚ್ಚಳ ತಿರುಗಿಸಿದೆ, ಜಾರಿತು. ಇನ್ನೊಮ್ಮೆ ತಿರುಗಿಸಿದೆ. ಅಂಗಿಯ ತುದಿಯಿಂದ ಹಿಡಿದು ತಿರುಗಿಸಿದೆ. ಒಬ್ಬಳಿಗೆ ಕೈ ಮುರಿದಿದೆ, ಇನ್ನೊಬ್ಬನಿಗೆ ಎರಡು ಕೈಯೂ ನೆಟ್ಟಗಿವೆ, ಇಬ್ಬರೂ ಸೇರಿ ಒಂದು ಮುಚ್ಚಳ ತೆಗೆಯಲಾಗಲಿಲ್ಲ. ಕೊನೆಗೆ ಕಾವಲುಗಾರ ತೆಗೆದ.

ಅವಳು ನೀರು ಕುಡಿಯುತ್ತ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ನೋಟ ನನಗೆ ಹಿಡಿಸಲಿಲ್ಲ. ಮುಯ್ಯಿ ತೀರಿಸಿಕೊಳ್ಳಲು ಏನೋ ಹೊಂಚುತ್ತಿರಬೇಕು.

ಮಾರ್ಚ್ ೨೦, ಗುರುವಾರ

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಹೊತ್ತು ಕೂತಿದ್ದೆ.

ಬೆಳಿಗ್ಗೆ ಲೆಕ್ಕದಮ್ಮ, "ಹೊಸ ವರ್ಷನ್ ಹಾಕಿದ್ದೀನಿ, ನೋಡಿ" ಅಂದಳು. ಬಾಗಿಲು ಮುಂದೆ ಮಾಡಿದಳು. ಓಡಿಸಿದೆ. ಇಷ್ಟು ದಿನದಲ್ಲಿ ಇಷ್ಟು ಕೆಟ್ಟದ್ದು ಬಂದಿರಲಿಲ್ಲ. ಸ್ಟೀರಿಂಗ್ ಗಾಳಿಯಲ್ಲಿ ತಿರುಗಿಸಿದ ಹಾಗೆ. ಮೂರು ಸುತ್ತಿನಲ್ಲಿ ಮೂರು ಸಲ ಗೋಡೆಗೆ ಹೋದೆ. ನನ್ನ ಮೈ ಉರಿದುಹೋಯಿತು. ಟೈರಿನ ಅ ಆ ಇ ಈ ಗೊತ್ತಿಲ್ಲದವರು ಟೈರು ಬರೆಯಬಾರದು, ಕೈ ಜೊತೆಗೆ ಬುದ್ಧಿಯೂ ಮುರಿದಿದೆಯಾ ಅಂತ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಸರ್, ಇದು ಹಳೇದು. ಎರಡು ವರ್ಷದ ಹಿಂದಿನದು."

"ಯಾವುದು?"

"ನೀವು ಇಳಿದು ಬಂದು ನನ್ನ ತಲೆ ಮೇಲೆ ಕೈ ಇಟ್ರಲ್ಲ ಸರ್. ಟೈರು ಮಾತಾಡ್ತಾ ಇದೆ ಮಗಳೇ ಅಂದ್ರಲ್ಲ. ಅದು."

ನೆನಪಿದೆ. ಅವತ್ತು ಎಲ್ಲರಿಗೂ ಸಿಹಿ ಹಂಚಿದ್ದೆ. ಕಣ್ಣು ಮುಚ್ಚಿ ಓಡಿಸಬಹುದು ಅಂದಿದ್ದೆ.

"ಒಂದು ಅಕ್ಷರಾನೂ ಬದಲಾಯಿಸಿಲ್ಲ ಸರ್. ಆಮೇಲಿಂದ ಪ್ರತಿ ಸಲ ಸ್ವಲ್ಪ ಜಾಸ್ತಿ ಮಾಡು, ಸ್ವಲ್ಪ ಜಾಸ್ತಿ ಮಾಡು ಅಂದ್ರಿ. ನಾನು ಮಾಡ್ತಾ ಹೋದೆ. ನನ್ನ ಲೆಕ್ಕಾನೇ ತಪ್ಪು ಅಂದ್ಕೊಂಡು ಎಷ್ಟೋ ದಿನ ಮನೇಲಿ ಅತ್ತಿದ್ದೀನಿ." ಬಾಗಿಲ ಕಡೆ ಒಮ್ಮೆ ನೋಡಿದಳು. "ಯಾರಿಗೂ ಹೇಳಿಲ್ಲ ಸರ್. ನೀವು ಒಂದ್ಸಲ ಡಾಕ್ಟರ್ ಹತ್ರ ಕೈ ತೋರಿಸಿ."

ನಾನು ಕುರ್ಚಿಯಿಂದ ಎದ್ದು ಬಂದೆ.

ಮಾರ್ಚ್ ೨೧, ಶುಕ್ರವಾರ

ಮೋಟಾರು ಕೆಟ್ಟಿರಬೇಕು. ಎರಡು ವರ್ಷ ಹಳೆಯ ಮೋಟಾರು, ಸವೆಯುವುದಿಲ್ಲವೆ?

ಮಾರ್ಚ್ ೨೪, ಸೋಮವಾರ

ಹೊಸ ಮೋಟಾರು ಹಾಕಿಸಿದೆ. ಹಳೆಯ ವರ್ಷನ್ ಮತ್ತೆ ಓಡಿಸಿದೆ.

ಏನೂ ಇಲ್ಲ.

ಏಪ್ರಿಲ್ ೯, ಬುಧವಾರ

ಕೆಲವು ದಿನ ಇದನ್ನು ತೆರೆಯಲಿಲ್ಲ. ಪೆನ್ನು ಹಿಡಿದರೆ ಅಕ್ಷರ ಸಾಲು ಬಿಟ್ಟು ಹೋಗುತ್ತದೆ, ಹಾಳಾದ ಪೆನ್ನು ಅಂತ ಬರೆಯಲು ಹೊರಟಿದ್ದೆ. ಪೆನ್ನು ಚೆನ್ನಾಗಿಯೇ ಇದೆ.

ಇವತ್ತು ಇವಳನ್ನು ಅಂಚೆ ಕಚೇರಿಗೆ ಬಿಡಲು ಹೋಗುತ್ತಿದ್ದೆ. ಏರಿನಲ್ಲಿ ಸಿಗ್ನಲ್ ಬಿತ್ತು. ಬ್ರೇಕ್ ಒತ್ತಿ ನಿಂತಿದ್ದೆ. ಒತ್ತಿದ್ದೇನೆ ಅಂತ ನನಗೆ ಗೊತ್ತಿತ್ತು. ಇವಳು ಸಂಜೆಗೆ ತರಕಾರಿ ಏನು ತರಬೇಕು ಅಂತ ಕೇಳುತ್ತಿದ್ದಳು, ನಾನು ಉತ್ತರ ಹೇಳುತ್ತಿದ್ದೆ. ಎದುರಿನ ಅಂಗಡಿ ಮುಂದಕ್ಕೆ ಹೋಗುತ್ತಿದೆ ಅನ್ನಿಸಿತು. ಹೋಗುತ್ತಿದ್ದದ್ದು ಅಂಗಡಿಯಲ್ಲ, ನಾವು ಹಿಂದಕ್ಕೆ ಬರುತ್ತಿದ್ದೆವು. ನಮ್ಮ ಹಿಂದೆ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಮಗುವನ್ನು ಮುಂದೆ ನಿಲ್ಲಿಸಿಕೊಂಡಿದ್ದಳು. ಅವಳ ಕಿರುಚಾಟ ಕೇಳಿ ಇವಳು ಕೈಬ್ರೇಕು ಎಳೆದಳು. ಸ್ಕೂಟರಿನ ಮುಂದಿನ ಚಕ್ರ ನಮ್ಮ ಬಂಪರಿಗೆ ತಾಗಿ ನಿಂತಿತ್ತು. ಮಗುವಿಗೆ ಏನೂ ಆಗಲಿಲ್ಲ.

ನನ್ನ ಪಾದ ಬ್ರೇಕಿನಿಂದ ಯಾವಾಗಲೋ ಜಾರಿ ಪಕ್ಕದಲ್ಲಿ ಮ್ಯಾಟಿನ ಮೇಲೆ ಆರಾಮವಾಗಿ ಕೂತಿತ್ತು. ನಾನು ಮ್ಯಾಟನ್ನು ಒತ್ತುತ್ತಿದ್ದೆ. ಇವಳು ನನ್ನ ಮುಖ ನೋಡಲಿಲ್ಲ, ಬಗ್ಗಿ ಕಾಲು ನೋಡಿದಳು. ಆಮೇಲೆ ಇಳಿದು ಆ ಹೆಂಗಸಿನ ಹತ್ತಿರ ಹೋಗಿ ಕೈ ಮುಗಿದಳು. ನನ್ನ ಹೆಂಡತಿ ನಡುರಸ್ತೆಯಲ್ಲಿ ನನಗಾಗಿ ಕೈ ಮುಗಿಯುವುದನ್ನು ಕನ್ನಡಿಯಲ್ಲಿ ನೋಡುತ್ತ ಕೂತಿದ್ದೆ. ಭಯವಾಯಿತು. ಟ್ರ್ಯಾಕಿನಲ್ಲಿ ಇಂಥ ಭಯ ಒಮ್ಮೆಯೂ ಆಗಿರಲಿಲ್ಲ.

ಭಾವಮೈದ ಬಂದು ಕಾರು ಮನೆಗೆ ತಂದ. ಇವತ್ತು ಅವನು ತಮಾಷೆ ಮಾಡಲಿಲ್ಲ. ಕೀ ಅವನ ಜೇಬಿನಲ್ಲೇ ಉಳಿಯಿತು. ನಾನೂ ಕೇಳಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ನರದ ಡಾಕ್ಟರು ವಯಸ್ಸಾದ ಹೆಂಗಸು. ಮಾತು ಕಡಿಮೆ. ಕಣ್ಣು ಮುಚ್ಚಿಸಿ, ಹತ್ತಿಯಿಂದ ಬೆರಳು ಮುಟ್ಟಿದಾಗ ಹೂಂ ಅನ್ನಬೇಕು ಅಂದರು. ನಾನು ಹುಷಾರು. ಅವರು ಕೈ ಚಾಚಿದಾಗ ಕೋಟಿನ ತೋಳು ಸರಸರ ಅನ್ನುತ್ತಿತ್ತು, ಅದನ್ನು ಕೇಳಿ ಹೂಂ ಅನ್ನುತ್ತ ಹೋದೆ. ಚೆನ್ನಾಗಿಯೇ ನಡೆಯುತ್ತಿತ್ತು.

"ಹೂಂ."

"ನಾನಿನ್ನೂ ಮುಟ್ಟಿಲ್ಲ ಇವರೇ. ಕನ್ನಡಕ ಸರಿ ಮಾಡ್ಕೊಂಡೆ ಅಷ್ಟೆ."

ಕಣ್ಣು ಬಿಟ್ಟೆ. ಇವಳು ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

ಕೈಕಾಲಿನ ನರಗಳು ತುದಿಯಿಂದ ಒಣಗುತ್ತ ಬರುತ್ತಿವೆಯಂತೆ. ಯಾಕೆ ಅಂತ ಹೇಳಲು ಇನ್ನೂ ಪರೀಕ್ಷೆ ಆಗಬೇಕು. ಕೆಲವರಿಗೆ ಕಾರಣ ಸಿಗುವುದೇ ಇಲ್ಲವಂತೆ. ಹೋದದ್ದು ವಾಪಸು ಬರುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳಲು ನೋಡೋಣ ಅಂದರು. ಯಾವಾಗಿನಿಂದ ಹೀಗಿದೆ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನನಗೆ ಗೊತ್ತಿಲ್ಲ. ಲೆಕ್ಕದಮ್ಮನಿಗೆ ಗೊತ್ತು. ಅವಳಿಗೆ ಫೋನು ಮಾಡಿ ಡಾಕ್ಟರ ಕೈಗೆ ಕೊಟ್ಟೆ. ಅವಳು ಅಲ್ಲಿಂದ ಹೇಳುತ್ತ ಹೋದಳು, ಇವರು ಬರೆದುಕೊಳ್ಳುತ್ತ ಹೋದರು. ಯಾವ ತಿಂಗಳು ಎಷ್ಟು ಭಾರ ಏರಿಸಲು ಹೇಳಿದ್ದೆ ಅನ್ನುವುದೆಲ್ಲ ಅವಳ ಬಾಯಿಯಲ್ಲೇ ಇತ್ತು. ಕೊನೆಗೂ ಆ ಹುಡುಗಿ ನನ್ನನ್ನು ನಂಬರಿನಲ್ಲಿ ಹೇಳಿಬಿಟ್ಟಳು.

ಮನೆಗೆ ಬಂದ ಮೇಲೆ ಇವಳು ನನ್ನ ಅಂಗಿಯ ಗುಂಡಿ ಬಿಚ್ಚಿದಳು. ಆಗ ನೆನಪಾಯಿತು, ಎಷ್ಟೋ ದಿನದಿಂದ ಗುಂಡಿ ಹಾಕುತ್ತಿರುವವಳೂ ಇವಳೇ.

ಏಪ್ರಿಲ್ ೨೮, ಸೋಮವಾರ

ಯಜಮಾನರಿಗೆ ಹೇಳಲು ಹೋದೆ. ಲೆಕ್ಕದಮ್ಮನೂ ಬಂದಳು, ಕೈಯಲ್ಲಿ ಪ್ಲಾಸ್ಟರ್ ಈಗಿಲ್ಲ, ಹೆಬ್ಬೆರಳು ಮಾತ್ರ ಇನ್ನೂ ಸೊಟ್ಟ. ಬಾಗಿಲು ಹಾಕಿ ಎಲ್ಲ ಹೇಳಿದೆ. ನನ್ನ ಕೈ ಕೆಟ್ಟಿದೆ, ಎರಡು ವರ್ಷದಿಂದ ನಾನು ಒಪ್ಪಿದ್ದೆಲ್ಲ ಸುಳ್ಳು, ಎಲ್ಲ ಕಾರುಗಳನ್ನೂ ಹಳೆಯ ಭಾರಕ್ಕೆ ಇಳಿಸಿ ಬೇರೆ ಯಾರಾದರೂ ಒಳ್ಳೆಯ ಡ್ರೈವರಿಂದ ನೋಡಿಸಿ. ಹೇಳಿ ಮುಗಿಸಿದಾಗ ಎದೆ ಹಗುರವಾಗಿತ್ತು. ಕೆಲಸ ಹೋದರೂ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ.

ಯಜಮಾನರು ಎದ್ದು ಬಂದು ನನ್ನ ಹೆಗಲು ಹಿಡಿದರು. ಒಳ್ಳೆಯ ಮನುಷ್ಯ, ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. ಆಟದ ಬಿಡುಗಡೆಗೆ ಮೊದಲೇ ಆಡಿ ನೋಡಲು ಕೆಲವರಿಗೆ ಕೊಟ್ಟಿದ್ದರು, ಅವರು ಬರೆದು ಕಳಿಸಿದ ಮಾತುಗಳು. ಅಬ್ಬಾ, ಕೊನೆಗೂ ನಿಜವಾದ ಕಾರು. ತೋಳು ಸೋತುಹೋಯಿತು. ಬೇರೆ ಆಟಗಳೆಲ್ಲ ಗೊಂಬೆಯಾಟ.

"ಇದನ್ನ ಹೇಗೆ ಇಳಿಸಲಿ ಹೇಳಿ?"

"ಆದರೆ ಅದು ನಿಜವಲ್ಲ" ಅಂದೆ.

"ಆಡೋರಲ್ಲಿ ಎಷ್ಟು ಜನ ರೇಸ್ ಕಾರಲ್ಲಿ ಕೂತಿದ್ದಾರೆ? ಜನಕ್ಕೆ ಕೈ ನೋಯ್ಬೇಕು. ಕೈ ನೊಂದ್ರೇನೇ ನಿಜ ಅನ್ಸೋದು."

ಲೆಕ್ಕದಮ್ಮ ಅವರ ಮೂಗಿನ ಮುಂದೆ ಹೆಬ್ಬೆರಳು ಹಿಡಿದಳು. "ಇದಕ್ಕಿಂತ ನಿಜ ಬೇಕಾ?" ಅವರು ತಲೆ ತಗ್ಗಿಸಿದರು. ಜಗ್ಗಾಡಿ ಜಗ್ಗಾಡಿ ಕೊನೆಗೆ ಒಂದಕ್ಕೆ ಒಪ್ಪಿದರು. ಭಾರದ ತುತ್ತತುದಿಯನ್ನು ಮೂಳೆ ಮುರಿಯದಷ್ಟಕ್ಕೆ ಕತ್ತರಿಸುವುದು. ನನ್ನ ಕೈ ಚೆನ್ನಾಗಿದ್ದಾಗಿನ ಟೈರು, ಅವಳ ಸರಿಯಾದ ಟೈರು, ಮೆನುವಿನ ಒಳಗೆ ಎಲ್ಲೋ ಇರುತ್ತದೆ, ಬೇಕಾದವರು ಆರಿಸಿಕೊಳ್ಳಲಿ. ಅದಕ್ಕೆ ಹೆಸರನ್ನೂ ಅವರೇ ಇಟ್ಟರು: 'ಹೊಸಬರಿಗೆ'.

ನನ್ನ ಕೆಲಸ ಹೋಗುವುದಿಲ್ಲವಂತೆ. ಕೈ ವಿಷಯ ಈ ಕೋಣೆ ದಾಟಬಾರದು, ಅಷ್ಟೆ. ಮನೆಯ ದಾರಿಯಲ್ಲಿ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಕೆಲಸ ಉಳಿಯಿತು ಅಂತ ಒಳಗೊಳಗೇ ಸಮಾಧಾನವೂ ಆಗಿತ್ತು. ಇವಳಿಗೆ ಕೆಲಸ ಉಳಿದದ್ದನ್ನಷ್ಟೇ ಹೇಳಿದೆ.

ಮೇ ೧೬, ಶುಕ್ರವಾರ

ಪೋಸ್ಟರಿಗೆ ಫೋಟೋ ತೆಗೆದರು. ಗ್ಲೌಸು ಹಾಕಿದ ನನ್ನ ಎರಡು ಕೈ, ನಡುವೆ ಸ್ಟೀರಿಂಗ್. ಮುಖ ಬೇಡವಂತೆ. ಫೋಟೋದವನು, "ಇನ್ನೂ ಬಿಗಿಯಾಗಿ ಹಿಡೀರಿ ಸಾರ್" ಅನ್ನುತ್ತಲೇ ಇದ್ದ. ಎಷ್ಟು ಬಿಗಿ ಅಂತ ಅವನನ್ನೇ ಕೇಳಿ ಕೇಳಿ ಹಿಡಿದೆ.

ಲೆಕ್ಕದಮ್ಮ ಕೆಲಸ ಬಿಟ್ಟಳು, ಇವತ್ತೇ ಅವಳ ಕೊನೆಯ ದಿನ. ಟೈರಿನ ಕಂಪನಿಯೊಂದರಲ್ಲಿ ಸಿಕ್ಕಿದೆ, ನಿಜವಾದ ಟೈರು. ಹೊರಡುವಾಗ ಕಾಲು ಮುಟ್ಟಲು ಬಗ್ಗಿದಳು, ತಡೆದೆ. ತಲೆಯ ಮೇಲೆ ಕೈ ಇಟ್ಟೆ. ಕೂದಲ ಮೇಲೆ ಇಟ್ಟಿದ್ದೇನೆ ಅಂತ ಕಣ್ಣಿಂದ ನೋಡಿಕೊಂಡು ಇಟ್ಟೆ.

"ನಿನ್ನ ಟೈರು ಚೆನ್ನಾಗಿತ್ತಮ್ಮ" ಅಂದೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಮನೆಗೆ ಬಂದು ನಾನೂ ಅತ್ತೆ.

ಜೂನ್ ೨೧, ಶನಿವಾರ

ಸಾಲು ಸೊಟ್ಟ ಇದೆ, ಇರಲಿ. ಇವತ್ತಿನದನ್ನು ಬರೆಯಬೇಕು.

ಇವಳಿಗೆ ಮಿಕ್ಸಿ ಜಾರು ಬೇಕಿತ್ತು, ಬಸ್ಸಿನಲ್ಲಿ ಪೇಟೆಗೆ ಹೋದೆವು. ಎಲೆಕ್ಟ್ರಾನಿಕ್ಸ್ ಅಂಗಡಿಯ ಬಾಗಿಲಲ್ಲೇ ನಮ್ಮ ಆಟ ಇಟ್ಟಿದ್ದರು. ಕುರ್ಚಿ, ಸ್ಟೀರಿಂಗ್, ದೊಡ್ಡ ಸ್ಕ್ರೀನು, ಮೇಲೆ ನನ್ನ ಕೈಗಳ ಪೋಸ್ಟರು. ಮೂವತ್ತು ದಾಟಿದ ಒಬ್ಬ ಮನುಷ್ಯ ಬೆವರು ಸುರಿಸಿಕೊಂಡು ಓಡಿಸುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಚೀಲ ಹಿಡಿದು ನಿಂತಿದ್ದಳು. ತಿರುವಿನಲ್ಲಿ ಸ್ಟೀರಿಂಗಿನ ಜೊತೆ ಗುದ್ದಾಡುತ್ತಿದ್ದ. ಮುಗಿಸಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಹೆಂಡತಿಗೆ ಹೇಳಿದ: "ನೋಡಿದ್ಯಾ, ನಿಜವಾದ ಕಾರು ಹೀಗೇ ಇರೋದು."

ನನಗೆ ತಡೆಯಲಾಗಲಿಲ್ಲ. "ಮೆನುವಿನಲ್ಲಿ 'ಹೊಸಬರಿಗೆ' ಅಂತ ಇದೆ. ಅದರಲ್ಲಿ ಓಡಿಸಿ ನೋಡಿ. ನಿಜವಾದದ್ದು ಅದು" ಅಂದೆ.

ಅವನು ಮರ್ಯಾದೆಯಿಂದಲೇ ನಕ್ಕ. "ಅದು ಮಕ್ಕಳಿಗೆ ಸಾರ್. ಭಾರಾನೇ ಇಲ್ಲ ಅದರಲ್ಲಿ. ಅಲ್ನೋಡಿ, ಯಾರ ಕೈ ಅಂತ. ಅವರು ಸುಮ್ನೆ ಒಪ್ತಾರಾ?"

ಅಂಗಡಿಯವನೂ ನಕ್ಕ. ಇವಳು ಮೆಲ್ಲಗೆ, "ಬನ್ನಿ ರೀ, ಹೋಗೋಣ" ಅಂದಳು.

ಆದರೆ ನಾನು ಕೂತೆ. ಲೆಕ್ಕದಮ್ಮನ ಟೈರನ್ನು ಆರಿಸಿಕೊಂಡೆ. ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು, ಕಾರು ಒರಗುವುದು, ಮೂಗು ಒಳಗೆ ಬರುವುದು, ಎಷ್ಟು ಚೆನ್ನಾಗಿ ಬರೆದಿದ್ದಾಳೆ ಹುಡುಗಿ. ಮೊದಲ ತಿರುವು ಬಂತು. ಈಗ ಹಗುರವಾಗುತ್ತದೆ, ಈಗ ಆಗಬೇಕು ಅಂತ ಕಾಯುತ್ತಿದ್ದೆ. ಕಾಯುತ್ತಿದ್ದ ಹಾಗೇ ಗೋಡೆ ಬಂತು.

ಆ ಮನುಷ್ಯ ನನ್ನ ತೋಳು ಹಿಡಿದು ಏಳಿಸಿದ. "ಮೊದಮೊದಲು ಎಲ್ಲರಿಗೂ ಹೀಗೇ ಸಾರ್. ಬೇಜಾರು ಮಾಡ್ಕೋಬೇಡಿ. ನೀವು ಆ 'ಹೊಸಬರಿಗೆ' ಅನ್ನೋದರಲ್ಲೇ ಅಭ್ಯಾಸ ಮಾಡಿ" ಅಂದ. ಒಳ್ಳೆಯ ಹುಡುಗ. ಹೂಂ ಅಂದೆ.

ಬಸ್ ಸ್ಟಾಪಿನವರೆಗೆ ಇಬ್ಬರೂ ಮಾತಾಡದೆ ನಡೆದೆವು. ಇವಳು ಕೋಪ ಮಾಡಿಕೊಂಡಿದ್ದಾಳೆ, ಅದಕ್ಕೇ ದೂರ ದೂರ ಇದ್ದಾಳೆ ಅಂದುಕೊಂಡಿದ್ದೆ. ಬಸ್ಸಿನ ನಂಬರು ನೋಡಲು ತಿರುಗಿದೆ. ಆಗ ಕಂಡಿತು, ಇವಳು ನನ್ನ ಕೈ ಹಿಡಿದುಕೊಂಡಿದ್ದಳು. ಅಂಗಡಿಯಿಂದಲೇ ಹಿಡಿದಿದ್ದಳಂತೆ.